ಕಾಲು ತೊಳೆಯುವ ಭಾನುವಾರ

ಟಾಲಿವರ್ ಕೂಂಬ್ಸನ ಟ್ರಕ್ಕು ಹೊಳೆಯ ದಡದಲ್ಲಿ ಬಾಗಿಲು ತೆರೆದುಕೊಂಡು ನಿಂತಿದ್ದನ್ನು ಮೊದಲು ಕಂಡವಳು ನಾನೇ.

ಶನಿವಾರದ ಬೆಳಗು. ಮರುದಿನ ನಮ್ಮ ಲಿಟಲ್ ಹೆಬ್ರಾನ್ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಬರುವ, ಒಬ್ಬರ ಕಾಲನ್ನು ಒಬ್ಬರು ತೊಳೆಯುವ ಆರಾಧನೆ. ಅದಕ್ಕೆ ಬೇಕಾದ ತಗಡಿನ ಬೇಸಿನ್ನುಗಳನ್ನು ಹೊಳೆಯ ಮರಳಿನಲ್ಲಿ ತಿಕ್ಕಿ ಬೆಳಗುವುದು ಪಾದ್ರಿಯ ಹೆಂಡತಿಯ ಪಾಲಿನ ಸೇವೆ. ಬೇಸಿನ್ನುಗಳನ್ನು ಕಂಕುಳಲ್ಲಿಟ್ಟುಕೊಂಡು ಇಳಿಜಾರು ಇಳಿದವಳು ಅಲ್ಲೇ ನಿಂತೆ.

"ಟಾಲಿವರ್! ಏ ಟಾಲಿವರ್!"

ಹೊಳೆಯೊಂದೇ ಮಾತಾಡಿತು. ಟ್ರಕ್ಕಿನ ಮೂತಿ ಮುಟ್ಟಿ ನೋಡಿದೆ, ತಣ್ಣಗಿತ್ತು. ನೀರಿನ ಅಂಚಿನಲ್ಲಿ ಒಂದು ಬೂಟು ಬಿದ್ದಿತ್ತು. ಒಂದೇ ಒಂದು.

ಸುದ್ದಿ ಮುಟ್ಟಿಸಿದ ಮೇಲೆ ಎಲ್ಲರಿಗಿಂತ ಮೊದಲು ಓಡಿಬಂದವಳು ಆರ್ಡಿತ್ ಸ್ಲೋನ್. ನಮ್ಮ ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫನ ಕೈಕೆಳಗಿನ ಡೆಪ್ಯುಟಿಗಳಲ್ಲಿ ಅವಳೊಬ್ಬಳೇ ಹೆಂಗಸು. ಕುಡುಕರ ಜಗಳ ಬಿಡಿಸುವಾಗಲೂ ದನಿ ಏರಿಸದವಳು. ಅವತ್ತು ಅವಳ ಮುಖ ಸುಣ್ಣದಂತೆ ಬಿಳಿಚಿತ್ತು.

"ಏನನ್ನೂ ಮುಟ್ಟಿಲ್ಲ ತಾನೇ, ಓರ್ಲೀನಕ್ಕ?"

"ಟ್ರಕ್ಕಿನ ಮೂತಿಯೊಂದು ಮುಟ್ಟಿದೆ ಕಣೇ, ತಣ್ಣಗಿದೆ. ಬೇರೇನೂ ಇಲ್ಲ."

ಅವಳು ಟ್ರಕ್ಕಿನೊಳಗೆ ತಲೆ ಹಾಕಿದಳು. ಸೀಟಿನ ಮೇಲೆ ಟಾಲಿವರನ ಟೋಪಿ. ಮುಂದಿನ ಗಾಜಿನ ಬಳಿ ಅವನ ಬೈಬಲ್. ಗಣಿಯೊಳಗೆ ಹೋಗುವಾಗ ಹಿಡಿಯುವ ದೀಪ, ಕಾಫಿ ಫ್ಲಾಸ್ಕು. ಬೀಗದಕೈ ಕೂಡ ಅಲ್ಲೇ ನೇತಾಡುತ್ತಿತ್ತು.

ಅಷ್ಟರಲ್ಲಿ ಇನ್ನೊಬ್ಬ ಡೆಪ್ಯುಟಿ ಡೆಲ್ಮರ್ ಹಾಸ್ಕಿನ್ಸ್ ಏದುಸಿರು ಬಿಡುತ್ತ ಇಳಿದು ಬಂದ. ಅವನ ಹಿಂದೆ ಷೆರಿಫ್ ಬ್ಲೆವಿನ್ಸ್.

ಡೆಲ್ಮರ್ ಒಳಗೆ ಇಣುಕಿ ಹೇಳಿದ: "ಎಲ್ಲಾ ಇದೆಯಲ್ಲೇ ಆರ್ಡಿತ್. ಒಂದು ಸಾಮಾನೂ ಹೋಗಿಲ್ಲ. ಇದು ಕಳ್ಳರ ಕೆಲಸ ಅಲ್ಲ."

"ಹೂಂ. ಎಲ್ಲಾ ಇದೆ," ಅಂದಳು ಆರ್ಡಿತ್.

ಆ ಮಾತನ್ನು ನಾವೆಲ್ಲ ಒಪ್ಪಿಕೊಂಡೆವು. ತಪ್ಪಿದ್ದು ಅಲ್ಲೇ.

ಷೆರಿಫ್ ಬೂಟನ್ನು ದಿಟ್ಟಿಸುತ್ತ ಗಡ್ಡ ಕೆರೆದುಕೊಂಡ. "ಸೋಮವಾರ ಕೋರ್ಟಲ್ಲಿ ಸಾಕ್ಷಿ ಹೇಳಬೇಕಾದವನು. ಓಡಿಹೋದನಾ? ಇಲ್ಲಾ, ಹಾರಿದನಾ?"

"ಎರಡೂ ಮಾಡೋ ಜಾತಿಯವನಲ್ಲ ಅವನು," ಅಂದಳು ಆರ್ಡಿತ್.

"ಕೊನೇ ಸಲ ನೋಡಿದ್ದು ಯಾರು?"

ಆರ್ಡಿತ್ ಹೊಳೆಯ ಕಡೆ ತಿರುಗಿದಳು. "ನಾನೇ. ನಿನ್ನೆ ಸಂಜೆ ನಮ್ಮನೆ ಜಗಲಿ ಮೇಲೆ ಕೂತಿದ್ದ. ಮದುವೆ ಆಗ್ತೀಯಾ ಅಂತ ಕೇಳಿದ. ಸೋಮವಾರ ಕಳೀಲಿ, ಆಮೇಲೆ ಹೇಳ್ತೀನಿ ಅಂದೆ. ರಾತ್ರಿ ಊಟಕ್ಕೆ ಕೋಳಿ, ಹಿಟ್ಟಿನುಂಡೆ ಸಾರು ಕಟ್ಟಿಕೊಟ್ಟೆ. ನಗ್ತಾನೇ ಹೋದ."

"ನಗೋರೇ ಒಳಗೊಳಗೆ ಅಳೋದು, ಪಾಪ," ಡೆಲ್ಮರ್ ಮೆಲ್ಲಗೆ ಅಂದ. "ನಿನ್ನಿಂದ ಹೂಂ ಅಂತ ಬರಲಿಲ್ಲವಲ್ಲ..."

ಆರ್ಡಿತ್ ತುಟಿ ಕಚ್ಚಿದಳು. ಆ ಮಾತು ಅವಳ ಎದೆಯಲ್ಲಿ ಎಲ್ಲಿ ಇಳಿಯಿತೆಂಬುದು ನನಗೆ ಕಂಡಿತು.

ಟಾಲಿವರ್ ಕೆಂಟಕಿ ಸರ್ಕಾರದ ಗಣಿ ತನಿಖೆಯವನು. ಬೇಸಗೆಯಲ್ಲಿ ಬೆಕ್‌ವಿತ್‌ನ ಗಣಿಯೊಳಗೆ ಗಾಳಿಯಂತ್ರ ನಿಂತುಹೋಗಿ, ನಮ್ಮ ಚರ್ಚಿನ ಇಬ್ಬರು ಉಸಿರುಗಟ್ಟಿ ಸತ್ತಿದ್ದರು. ಯಂತ್ರ ಯಾಕೆ ನಿಂತಿತು, ಯಾರಿಂದ ನಿಂತಿತು? ಸೋಮವಾರ ನ್ಯಾಯಾಧೀಶರ ಮುಂದೆ ಟಾಲಿವರ್ ಹೇಳುವವನಿದ್ದ. ಬೆಕ್‌ವಿತ್ ದುಡ್ಡು ಉಳಿಸಲು ಯಂತ್ರ ನಿಲ್ಲಿಸಿದ ಅನ್ನುವುದು ಕಣಿವೆಯ ಜನರ ನಂಬಿಕೆ. ಹಾಗಾಗಿ ಟಾಲಿವರ್ ಕಾಣೆಯಾದ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು.

"ಹುಡುಕಾಟ ಹಂಚಿಕೊಳ್ಳೋಣ," ಅಂದ ಡೆಲ್ಮರ್. "ನೀವು ಹೊಳೆ ನೋಡಿ ಸಾಹೇಬ್ರೇ. ಗುಡ್ಡದ ಕಡೆ ನಾನು ನೋಡ್ಕೋತೀನಿ. ಅಲ್ಲಿನ ಕಲ್ಲು ಕಲ್ಲೂ ಗೊತ್ತು ನನಗೆ."

ಷೆರಿಫ್ ತಲೆಯಾಡಿಸಿದ.

ಆರ್ಡಿತ್‌ಳನ್ನು ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ. ಬೆಕ್‌ವಿತ್‌ನ ಮನೆಗೆ ಅವಳು ಹೊರಟಾಗ ನಾನೂ ಕಾರು ಹತ್ತಿದೆ.

ಬೆಕ್‌ವಿತ್ ಗೇಟಿನ ಹತ್ತಿರವೇ ನಿಂತಿದ್ದ, ನಮ್ಮನ್ನೇ ಕಾಯುತ್ತಿದ್ದವನ ಹಾಗೆ.

"ಬನ್ನಿ, ಬನ್ನಿ. ಕೊಲೆಗಾರನ ಮನೆಗೆ ಪಾದ್ರಿಯಮ್ಮನೂ ಬಂದಳಲ್ಲ! ನನಗಾಗಿ ಪ್ರಾರ್ಥನೆ ಮಾಡೋಕಾ?"

"ನಿನ್ನೆ ರಾತ್ರಿ ಎಲ್ಲಿದ್ರಿ?" ಆರ್ಡಿತ್ ಕೇಳಿದಳು.

"ಲೆಕ್ಸಿಂಗ್ಟನ್‌ನಲ್ಲಿ. ಮಗಳ ಮನೇಲಿ. ಫೋನ್ ಮಾಡಿ ಕೇಳು."

"ಟಾಲಿವರ್ ಇಲ್ಲದಿದ್ರೆ ನಿಮಗೇ ಅಲ್ಲವಾ ಲಾಭ?"

ಅವನು ಕಹಿಯಾಗಿ ನಕ್ಕ. "ನನಗಾ? ಹುಚ್ಚಿ! ಅವನ ಸಾಕ್ಷಿ ನನ್ನನ್ನ ಉಳಿಸೋದು. ಯಂತ್ರ ನಿಲ್ಸು ಅಂತ ನಾನು ಹೇಳಿರಲಿಲ್ಲ. ಆ ರಾತ್ರಿ ಯಂತ್ರದ ಕಾವಲಿಗೆ ಇದ್ದವನು ಕುಡಿದು ಅದನ್ನ ನಿಲ್ಲಿಸಿ ಮಲಗಿದ್ದ. ಟಾಲಿವರ್ ಅದನ್ನ ಕಂಡುಹಿಡಿದಿದ್ದ."

"ಯಾರು ಅವನು?"

"ನನಗೂ ಹೇಳಲಿಲ್ಲ. ನ್ಯಾಯಾಧೀಶರ ಮುಂದೆಯೇ ಹೇಳೋದು ಅಂದ. ಅವತ್ತಿನ ಪಾಳಿಯವರು ಒಬ್ಬರಿಗೊಬ್ಬರು ಬಿಟ್ಟುಕೊಡ್ತಿಲ್ಲ. ಅವನನ್ನ ಜೀವಸಹಿತ ಹುಡುಕಿ ಕೊಡು ತಾಯಿ. ಆಮೇಲೆ ನಾನೇ ಬಂದು ನಿನ್ನ ಕಾಲು ತೊಳೀತೀನಿ."

ವಾಪಸು ಬರುವಾಗ ಆರ್ಡಿತ್ ಕೇಳಿದಳು: "ಅಕ್ಕ, ಡೆಲ್ಮರ್ ಹೇಳಿದ್ದು ನಿಜ ಇರಬಹುದಾ? ನಾನು ಹೂಂ ಅಂದಿದ್ರೆ..."

"ಸುಮ್ನಿರೇ. ಹೊಳೆಗೆ ಹಾರೋನು ನಿನ್ನ ಕೈ ಊಟ ಕಟ್ಟಿಸ್ಕೊಂಡು ಹೋಗ್ತಾನಾ?"

ಸಮಾಧಾನಕ್ಕೆಂದು ಆಡಿದ ಮಾತು. ಆಡಿದ ನನಗೇ ಅದರ ತೂಕ ತಿಳಿಯಲಿಲ್ಲ.

ಭಾನುವಾರವೂ ಹೊಳೆ ಅವನನ್ನು ಕೊಡಲಿಲ್ಲ. ಮುಳುಗುಗಾರರು ಮಧ್ಯಾಹ್ನದ ಮೇಲೆ ಬರುವವರಿದ್ದರು. ಹುಡುಕುತ್ತಿದ್ದವರೆಲ್ಲ ಅಲ್ಲಿಯವರೆಗೆ ಚರ್ಚಿಗೆ ಬಂದು ಪ್ರಾರ್ಥಿಸಿ, ಉಂಡು ಹೋಗಲಿ ಅಂದರು ನನ್ನ ಗಂಡ ಬ್ರದರ್ ಹಾರ್ಗಿಸ್. ಷೆರಿಫನೂ ಒಪ್ಪಿದ.

ಓಕ್ ಮರದ ಕೆಳಗೆ ಉದ್ದನೆಯ ಮೇಜು. ಪ್ರತಿ ಮನೆಯಿಂದಲೂ ಒಂದೊಂದು ಪಾತ್ರೆ. ತಳದಲ್ಲಿ ಅಂಟುಪಟ್ಟಿ, ಪಟ್ಟಿಯ ಮೇಲೆ ಮನೆಯ ಹೆಸರು. ನಾನು ಒಂದೊಂದನ್ನೇ ಸಾಲಾಗಿ ಜೋಡಿಸಿ, ಬಟ್ಟೆ ಮುಚ್ಚುತ್ತ ಬಂದೆ.

ಡೆಲ್ಮರ್ ಗುಡ್ಡದಿಂದ ನೇರವಾಗಿ ಬಂದವನು ಬೂಟು ಕೊಡವುತ್ತಿದ್ದ. ಮುದುಕ ಫೆಸ್ಟಸ್ ಬೆಂಚಿನಿಂದಲೇ ಕೆಣಕಿದ: "ಏನೋ, ಅರ್ಧ ಗುಡ್ಡ ಹೊತ್ಕೊಂಡು ಬಂದಿದ್ದೀಯ! ನಿನ್ನ ಕಾಲು ತೊಳೆಯೋ ಪುಣ್ಯಾತ್ಮ ಯಾರಪ್ಪಾ ಇವತ್ತು?"

"ಒಳಗೆಲ್ಲ ಚೊಕ್ಕಟ ಮಾವ. ಬೆಳಗ್ಗೇನೇ ಮನೇಲಿ ತೊಳ್ಕೊಂಡೆ. ಕೊಳೆ ಕಾಲಲ್ಲಿ ಚರ್ಚಿಗೆ ಕಳಿಸ್ತಾಳಾ ನಮ್ಮಮ್ಮ?"

ಜನ ನಕ್ಕರು. ನಿಜವೇ. ನಮ್ಮಲ್ಲಿ ಕಾಲು ತೊಳೆಸಿಕೊಳ್ಳಲು ಬರುವವರೆಲ್ಲ ಮನೆಯಲ್ಲಿ ಮೊದಲೇ ತಿಕ್ಕಿ ತೊಳೆದುಕೊಂಡು ಬರುತ್ತಾರೆ. ಡೆಲ್ಮರನ ತಾಯಿ ಜಿಲ್ಫಾಜ್ಜಿ ಆಗಲೇ ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕಿವಿ ಮಂದ, ಪ್ರಸಂಗ ಕೇಳಬೇಕಾದರೆ ಮುಂದೆಯೇ ಬೇಕು. ಅವಳ ಕಿರಿಮಗ ಕೋಯ್ ಹಿಂದಿನ ಬೆಂಚಿನ ಮೂಲೆಯಲ್ಲಿ ತಲೆ ತಗ್ಗಿಸಿದ್ದ. ಕಣಿವೆಯ ಅರ್ಧ ಗಂಡಸರಂತೆ ಅವನೂ ಗಣಿಯವನೇ.

ಆರ್ಡಿತ್ ಮೇಜಿನ ಪಕ್ಕ ನಿಂತಿದ್ದಳು. ಕಣ್ಣು ಗುಳಿಬಿದ್ದಿತ್ತು.

"ನಿನ್ನೆಯಿಂದ ಏನೂ ತಿಂದಿಲ್ಲ ನೀನು. ಒಂದು ಚಮಚ ಬಾಯಿಗೆ ಹಾಕ್ಕೋ," ಅಂದೆ. "ಬೇರೆಯವರದ್ದು ಬೇಡವಾದ್ರೆ ನಿನ್ನ ಬೋಗುಣಿಯದ್ದೇ ತಿನ್ನು."

ಸ್ಲೋನ್ ಮನೆಯ ಹಳದಿ ಬೋಗುಣಿ ಮೇಜಿನ ನಡುವೆ ಕೂತಿತ್ತು. ಅವಳಮ್ಮ ಬದುಕಿದ್ದ ಕಾಲದಿಂದಲೂ ಅದು ಬಾರದ ಊಟವಿಲ್ಲ.

ಆರ್ಡಿತ್ ಅದರ ಕಡೆ ನೋಡಿದಳು. ನೋಡಿದವಳು ಕಣ್ಣು ಕೀಳಲಿಲ್ಲ.

"ಇದನ್ನ ಯಾರು ತಂದಿಟ್ಟರು?"

"ಗೊತ್ತಿಲ್ಲ ಕಣೇ. ಬೇಸಿನ್ ತರೋಕೆ ಹೋಗಿದ್ದೆ, ಬರೋಷ್ಟರಲ್ಲಿ ಇತ್ತು. ಯಾಕೆ?"

ಅವಳು ಬೋಗುಣಿಯನ್ನು ಮೆಲ್ಲನೆ ಎತ್ತಿ ತಳ ನೋಡಿದಳು. ಬಟ್ಟೆ ಸರಿಸಿದಳು. ಜೋಳದ ಪುಡಿಂಗು. ಚಮಚದ ತುದಿಯಲ್ಲಿ ತೆಗೆದು ನನ್ನ ಬಾಯಿಗಿಟ್ಟಳು.

"ಯಾರ ಕೈ?"

ಇಷ್ಟು ವರ್ಷ ಒಟ್ಟಿಗೆ ಉಂಡ ಹೆಂಗಸರಿಗೆ ಒಬ್ಬೊಬ್ಬರ ಕೈರುಚಿಯೂ ಗೊತ್ತು. ಕಾಕಂಬಿಯ ಸಿಹಿ, ಹಿಂದಿನಿಂದ ಮೆಣಸಿನ ಖಾರ. ಅವಳ ಕಿವಿಯಲ್ಲಿ ಹೆಸರು ಹೇಳಿದೆ.

ಆರ್ಡಿತ್ ಬಟ್ಟೆಯನ್ನು ಮತ್ತೆ ಬೋಗುಣಿಗೆ ಮುಚ್ಚಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ: "ಬೂಟು ಬಿಚ್ಚೋವರೆಗೂ ಉಸಿರೆತ್ತಬೇಡ ಅಕ್ಕ."

"ಯಾರ ಬೂಟು?"

ಅವಳು ಆಗಲೇ ಷೆರಿಫನ ಕಡೆ ನಡೆದಿದ್ದಳು.

ಚರ್ಚಿನೊಳಗೆ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ನಡುವೆ ದಾರಿ. ಕಾಲು ತೊಳೆಯುವ ಹೊತ್ತಿನಲ್ಲಿ ಆ ದಾರಿ ದಾಟುವ ರೂಢಿ ಇಲ್ಲ. ಪ್ರಭು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದದ್ದನ್ನು ನನ್ನ ಗಂಡ ಹೇಳಿದರು. ತನ್ನನ್ನೇ ಶತ್ರುಗಳಿಗೆ ಹಿಡಿದುಕೊಡಲಿದ್ದ ಶಿಷ್ಯನ ಪಾದವನ್ನೂ ಬಿಡಲಿಲ್ಲ ಎಂದರು. ಹಾಡು ಮೆಲ್ಲನೆ ಎದ್ದಿತು. ಬೂಟುಗಳು, ಕಾಲುಚೀಲಗಳು ಬೆಂಚಿನ ಕೆಳಗೆ ಸೇರಿದವು.

ಡೆಲ್ಮರ್ ಬೂಟು ಬಿಚ್ಚಿದ. ಪಿಸ್ತೂಲಿನ ಪಟ್ಟಿಯನ್ನೂ ಬಿಚ್ಚಿ ಪಕ್ಕದಲ್ಲಿಟ್ಟ. ಆಯುಧ ಕಟ್ಟಿಕೊಂಡು ಯಾರೂ ಬೇಸಿನ್ನಿನ ಮುಂದೆ ಕೂರುವುದಿಲ್ಲ.

ಅವನ ಮುಂದೆ ಬಂದು ಮಂಡಿಯೂರಿದವನು ಷೆರಿಫ್ ಬ್ಲೆವಿನ್ಸ್.

"ಅಯ್ಯೋ, ನೀವಾ ಸಾಹೇಬ್ರೇ?"

"ಯಾಕೆ, ನನಗೆ ಪುಣ್ಯ ಬೇಡ್ವಾ?" ಷೆರಿಫ್ ಪಿಸ್ತೂಲಿನ ಪಟ್ಟಿಯನ್ನು ನೀರು ತಾಗದಂತೆ ಎಂಬ ಹಾಗೆ ಹಿಂದಕ್ಕೆ ಸರಿಸಿದ. ಡೆಲ್ಮರನ ಎರಡೂ ಪಾದಗಳನ್ನು ತನ್ನ ದಪ್ಪ ಕೈಗಳಲ್ಲಿ ಹಿಡಿದು ನೀರಿಗಿಳಿಸಿದ. ಬಿಡಲಿಲ್ಲ.

ಎಡಗಡೆ ಆರ್ಡಿತ್ ಸೊಂಟಕ್ಕೆ ಟವೆಲು ಕಟ್ಟಿ ಜಿಲ್ಫಾಜ್ಜಿಯ ಮುಂದೆ ಕೂತಳು. ನಾನು ಬೇಸಿನ್ನಿಗೆ ಬೆಚ್ಚನೆ ನೀರು ಹೊಯ್ದೆ.

"ಪುಡಿಂಗು ತಿಂದೆ ಅಜ್ಜಿ."

"ಏನಂದೆ?"

"ಪುಡಿಂಗು! ನನ್ನ ಬೋಗುಣಿಯಲ್ಲಿ!"

ಅಜ್ಜಿಯ ಮುಖ ಅರಳಿತು. ಕಿವಿ ಕೇಳದವರ ದನಿ. ಹಾಡಿನ ಮೇಲೂ ಚರ್ಚಿಡೀ ಕೇಳಿತು. "ಮತ್ತೆ ಖಾಲಿ ಕಳಿಸ್ತೀನಾ ಮಗಳೇ? ನಿಮ್ಮಮ್ಮ ಒಂದು ದಿನವಾದ್ರೂ ನನ್ನ ಪಾತ್ರೆ ಖಾಲಿ ಕಳಿಸಿದ್ದುಂಟಾ?"

"ನಿಮ್ಮನೆಗೆ ಅದು ಹೆಂಗೆ ಬಂತು ಅಜ್ಜಿ?"

"ಡೆಲ್ಮರನ ಕಾರಲ್ಲಿತ್ತು ಕಣೇ, ಹಿಂದಿನ ಸೀಟಲ್ಲಿ. ನಿನ್ನೆ ಬೆಳಗ್ಗೆ ಮೊಟ್ಟೆ ಬುಟ್ಟಿ ಇಡೋಕೆ ಹೋದಾಗ ನೋಡಿದೆ. ಅವನಿಗೆ ನೀನೇ ಊಟ ಕಟ್ಟಿಕೊಟ್ಟಿರಬೇಕು, ಒಳ್ಳೇ ಹುಡುಗಿ ಅಂದ್ಕೊಂಡೆ."

ಹಾಡು ಒಂದೊಂದೇ ಬಾಯಲ್ಲಿ ನಿಂತಿತು.

"ಅಮ್ಮಾ! ಸುಮ್ನಿರು!" ಬಲಗಡೆಯಿಂದ ಡೆಲ್ಮರ್ ಕಿರುಚಿದ. ಏಳಲು ನೋಡಿದ. ಬೇಸಿನ್ನಿನ ನೀರು ಚೆಲ್ಲಿತು. ಷೆರಿಫನ ಕೈಗಳು ಕಣಕಾಲಿನ ಮೇಲೆ ಬಿಗಿದಿದ್ದವು.

"ಕೂತ್ಕೋ ಮಗನೇ. ಇನ್ನೂ ತೊಳೆದಾಗಿಲ್ಲ."

ಆರ್ಡಿತ್ ಎದ್ದು ನಿಂತಳು. ಸೊಂಟದಲ್ಲಿ ಟವೆಲು, ತೋಳು ಒದ್ದೆ. ದನಿ ಏರಲಿಲ್ಲ.

"ಟಾಲಿವರನ ಟ್ರಕ್ಕಲ್ಲಿ ಎಲ್ಲಾ ಇದೆ ಅಂದೆ ನೀನು, ಡೆಲ್ಮರ್. ನಾನೂ ಹೂಂ ಅಂದೆ. ಒಂದು ಇರಲಿಲ್ಲ. ಶುಕ್ರವಾರ ಸಂಜೆ ಸಾರು ತುಂಬಿಸಿ ನನ್ನ ಕೈಯಾರೆ ಅವನ ಸೀಟಿನ ಮೇಲಿಟ್ಟ ಹಳದಿ ಬೋಗುಣಿ. ಇವತ್ತು ಅದು ಇಲ್ಲಿ ಮೇಜಿನ ಮೇಲಿದೆ. ಎಲ್ಲರೂ ನೋಡಿದ್ರು, ಯಾರಿಗೂ ಕಾಣಲಿಲ್ಲ. ಯಾಕಂದ್ರೆ ಅದು ಪ್ರತಿ ಸಲ ಇರುತ್ತೆ. ನನಗೇ ಕಾಣಲಿಲ್ಲ, ಎರಡು ಸಲ ಅದರ ಪಕ್ಕ ಓಡಾಡಿದೆ. ಆದ್ರೆ ನಾನು ಇವತ್ತು ಅಡುಗೆ ಎಲ್ಲಿ ಮಾಡಿದೆ? ಎರಡು ದಿನದಿಂದ ಹೊಳೆಯಲ್ಲಿದ್ದೀನಿ."

"ಅವನೇ... ಅವನೇ ನನಗೆ ಕೊಟ್ಟ," ಅಂದ ಡೆಲ್ಮರ್.

"ಯಾವಾಗ? ನಿನ್ನೆ ದಡದಲ್ಲಿ ಕೊನೇ ಸಲ ನೋಡಿದ್ದು ಯಾರು ಅಂತ ಷೆರಿಫ್ ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ?"

ಡೆಲ್ಮರ್ ಕಾಲು ಎಳೆದುಕೊಳ್ಳಲು ನೋಡಿದ. ಷೆರಿಫ್ ಬಿಡಲಿಲ್ಲ.

"ಟ್ರಕ್ಕನ್ನ ಹೊಳೆ ಹತ್ತಿರ ತಂದು ನಿಲ್ಲಿಸಿದವನು ನೀನು. ಬೂಟು ಇಟ್ಟವನು ನೀನು. ಸಾಯೋಕೆ ಹೊರಟವನ ಪಕ್ಕದಲ್ಲಿ ಬಿಸಿ ಊಟ ಇದ್ರೆ ಯಾರೂ ನಂಬಲ್ಲ ಅಂತ ಅದನ್ನ ತೆಗೆದೆ. ಹೊಳೆಗೆ ಎಸೆದಿದ್ರೆ ಮುಗೀತಿತ್ತು. ಯಾಕೆ ಎಸೆಯಲಿಲ್ಲ?"

ಡೆಲ್ಮರ್ ನೆಲ ನೋಡಿದ. "ನಿಮ್ಮಮ್ಮನ ಬೋಗುಣಿ ಅದು," ಅಂದ. ದನಿ ಒಡೆದಿತ್ತು. "ಚಿಕ್ಕಂದಿನಿಂದ ತಿಂದಿದ್ದೀನಿ ಅದರಲ್ಲಿ. ಕೈ ಬರಲಿಲ್ಲ."

"ಟಾಲಿವರನ ಮೇಲೆ ಕೈ ಬಂತಲ್ಲ."

"ಹೊಡೀಬೇಕು ಅಂತ ಇರಲಿಲ್ಲ! ಕಾರು ಅಡ್ಡ ಹಾಕಿ ಬೇಡ್ಕೊಂಡೆ. ಕೇಳಲಿಲ್ಲ..."

"ಎಲ್ಲಿದ್ದಾನೆ? ಜೀವ ಇದೆಯಾ?"

ಡೆಲ್ಮರ್ ತುಟಿ ಬಿಗಿದುಕೊಂಡ. "ಇನ್ನೊಂದು ಮಾತೂ ಆಡಲ್ಲ. ವಕೀಲ ಬರಲಿ."

"ವಕೀಲ ಬರೋಷ್ಟರಲ್ಲಿ ಅವನು ಸತ್ತರೆ?" ಅಂದ ಷೆರಿಫ್.

ಆರ್ಡಿತ್‌ಳ ಕೈ ಟವೆಲನ್ನು ಹಿಂಡುತ್ತಿತ್ತು. ಒತ್ತಾಯದಿಂದ ಅವನ ಬಾಯಿ ಬಿಡಿಸಲು ಸಾಧ್ಯವಿಲ್ಲವೆಂದು ಅವಳಿಗೆ ಗೊತ್ತಿತ್ತು. ಗುಡ್ಡ ವಿಶಾಲ. ಅಲ್ಲಿ ಹುಡುಕಿದವನು ಅವನೊಬ್ಬನೇ.

ಆಗ ಜಿಲ್ಫಾಜ್ಜಿ ಎದ್ದಳು.

ಅವಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಮಗನ ಮುಖ ಕಂಡಿತ್ತು, ಅಷ್ಟು ಸಾಕಾಗಿತ್ತು. ಒದ್ದೆ ಪಾದಗಳಲ್ಲೇ, ಬೆಂಚುಗಳನ್ನು ಹಿಡಿದುಕೊಂಡು, ಅವಳು ನಡುವಿನ ದಾರಿ ದಾಟಿದಳು. ಯಾವ ಹೆಂಗಸೂ ದಾಟದ ದಾರಿ. ಹಲಗೆಯ ಮೇಲೆ ಅವಳ ಹೆಜ್ಜೆಯ ನೀರಿನ ಗುರುತು ಉಳಿಯುತ್ತ ಹೋಯಿತು. ಷೆರಿಫ್ ಪಕ್ಕಕ್ಕೆ ಸರಿದ. ಅವಳು ಕಷ್ಟಪಟ್ಟು ಮಂಡಿಯೂರಿ ಮಗನ ಪಾದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಎಲ್ಲಿದ್ದಾನೋ ಆ ಹುಡುಗ?"

"ಅಮ್ಮಾ, ಬಿಡು. ಏಳು. ನಿನಗೆ ಗೊತ್ತಿಲ್ಲ. ಹೇಳಿದ್ರೆ ಕೋಯ್..."

ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು. ಕೋಯ್.

"ಯಂತ್ರದ ಕಾವಲಿಗಿದ್ದವನು ನಾನೇ," ಅಂದ ಅವನು. ಎದ್ದು ನಿಂತಿದ್ದ. "ಕುಡಿದು ಮಲಗಿದವನು ನಾನು. ಹೇಳಿಬಿಡೋ ಅಣ್ಣ."

ಅಜ್ಜಿ ತಿರುಗಿ ನೋಡಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ಡೆಲ್ಮರನ ಪಾದದ ಮೇಲೆ ಬಿಟ್ಟಳು. "ಅವನದ್ದೂ ತೊಳೀತೀನಿ. ಮೊದಲು ನಿಂದು. ಹೇಳು ಮಗಾ."

ಡೆಲ್ಮರ್ ಕೈಯಿಂದ ಮುಖ ಮುಚ್ಚಿಕೊಂಡ.

"ಹಳೇ ಮದ್ದಿನ ಮನೆ. ಗುಡ್ಡದ ಹಿಂದೆ. ಸೋಮವಾರ ಕಳೆದ ಮೇಲೆ ಬಿಡೋಣ ಅಂತಿದ್ದೆ. ಬಾಗಿಲವರೆಗೂ ಹೋದೆ, ಅವನ ಮುಖ ನೋಡೋ ಧೈರ್ಯ ಬರಲಿಲ್ಲ. ನೀರು ಕೂಡ ಕೊಡಲಿಲ್ಲ..."

ಆರ್ಡಿತ್ ಬರಿಗಾಲಲ್ಲೇ ಓಡಿದಳು.

ಒಂದು ಕಾಲದಲ್ಲಿ ಗಣಿಯ ಸಿಡಿಮದ್ದು ಇಡುತ್ತಿದ್ದ ಕಲ್ಲಿನ ಕೋಣೆ ಅದು; ಕಬ್ಬಿಣದ ಬಾಗಿಲು. ಷೆರಿಫ್ ಬೀಗ ಒಡೆದ. ನಾನು ನೀರಿನ ಜಗ್ಗು ಹಿಡಿದು ಹಿಂದೆಯೇ ಇದ್ದೆ. ಟಾಲಿವರ್ ಗೋಡೆಗೊರಗಿ ಬಿದ್ದಿದ್ದ. ತಲೆಯಲ್ಲಿ ಒಣಗಿದ ರಕ್ತ, ಒಂದು ಕಾಲಲ್ಲಿ ಮಾತ್ರ ಬೂಟು. ಆರ್ಡಿತ್ ಅವನ ಕತ್ತಿಗೆ ಬೆರಳಿಟ್ಟಳು. ಆ ಕ್ಷಣ ನಾನು ಯಾವ ಪ್ರಾರ್ಥನೆ ಮಾಡಿದೆನೋ ನನಗೇ ತಿಳಿಯದು.

"ಇದೆ," ಅಂದಳು. "ಜೀವ ಇದೆ."

ಸೊಂಟದಲ್ಲಿದ್ದ ಟವೆಲನ್ನೇ ನೀರಲ್ಲಿ ನೆನೆಸಿ ಅವನ ತುಟಿಗೆ ಹಿಂಡಿದಳು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ಬಿಟ್ಟ.

"ಬೋಗುಣಿ... ಎಲ್ಲೋ ಹೋಯ್ತು ಕಣೇ," ಅಂದ.

"ಸಿಕ್ಕಿತು, ಬಿಡು." ಅವಳು ಅಳುತ್ತಲೇ ನಕ್ಕಳು. "ಸೋಮವಾರದವರೆಗೆ ಕಾಯಬೇಡ. ಹೂಂ."

ಸೋಮವಾರ ಟಾಲಿವರನ ಸಾಕ್ಷಿ ಬೇಕಾಗಲಿಲ್ಲ. ಕೋಯ್ ತಾನೇ ನ್ಯಾಯಾಧೀಶರ ಮುಂದೆ ನಿಂತು ಎಲ್ಲ ಹೇಳಿದ. ಡೆಲ್ಮರನ ಬೂಟುಗಳು ಬೆಂಚಿನ ಕೆಳಗೇ ಉಳಿದಿದ್ದವು; ನನ್ನ ಗಂಡ ಅವನ್ನು ಜೈಲಿಗೆ ಕೊಂಡೊಯ್ದು ಕೊಟ್ಟು ಬಂದರು.

ಜಿಲ್ಫಾಜ್ಜಿ ಚರ್ಚಿಗೆ ಬರುವುದನ್ನು ನಿಲ್ಲಿಸಿದಳು. ನಾವು ಹೋಗಿ ಕರೆದರೆ ಬಾಗಿಲು ತೆರೆಯುತ್ತಿರಲಿಲ್ಲ. ಯಾವ ಮುಖ ಹೊತ್ತು ಬರಲಿ ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

ಒಂದು ದಿನ ಆರ್ಡಿತ್ ಹಳದಿ ಬೋಗುಣಿಯ ತುಂಬ ಸೇಬಿನ ಕಡುಬು ಮಾಡಿ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದಳು. ಮುಚ್ಚಿದ ಬಾಗಿಲ ಮುಂದೆ ಅದನ್ನಿಟ್ಟು ಗಟ್ಟಿಯಾಗಿ ಕೂಗಿದಳು:

"ಅಜ್ಜೀ! ಬೋಗುಣಿ ಇಲ್ಲಿದೆ! ಮದುವೆ ದಿನ ನನಗೆ ವಾಪಸ್ ಬೇಕು!"

ಬಾಗಿಲು ತೆರೆಯಲಿಲ್ಲ. ನಾವು ಇಳಿದು ಬಂದೆವು.

ಮದುವೆಯ ದಿನ ಮೊದಲ ಹಾಡು ಮುಗಿದಿತ್ತು. ನಾನು ಓಕ್ ಮರದ ಕೆಳಗೆ ಪಾತ್ರೆ ಜೋಡಿಸುತ್ತಿದ್ದೆ. ಮೇಜಿನ ನಡುವೆ ಜಾಗ ಬಿಟ್ಟಿದ್ದೆ. ದಾರಿಯ ತಿರುವಿನಲ್ಲಿ ಜಿಲ್ಫಾಜ್ಜಿಯ ಕಪ್ಪು ಕೋಟು ಕಾಣಿಸಿತು. ಮೆಲ್ಲಮೆಲ್ಲನೆ, ಎರಡೂ ಕೈಯಲ್ಲಿ ಬಟ್ಟೆ ಮುಚ್ಚಿದ ಏನನ್ನೋ ಎದೆಗೊತ್ತಿಕೊಂಡು ಬರುತ್ತಿದ್ದಳು. ಹತ್ತಿರ ಬಂದು, ನನ್ನ ಮುಖ ನೋಡದೆ, ಅದನ್ನು ನನ್ನ ಕೈಗಿಟ್ಟಳು.

ಬೋಗುಣಿ ಇನ್ನೂ ಬಿಸಿಯಾಗಿತ್ತು. ತುಂಬಿ ಭಾರವಾಗಿತ್ತು.